ಕಿರುಬೆರಳಿನ ಉಂಗುರ

ಹೋದ ಸಲ ಹುಬ್ಬಳ್ಳಿಗೆ ಹೋದಾಗ ಮಾಮಾನ ಮನೆಯ ಗೌಂಡಿ ನನ್ನ ಬಲಗೈಯನ್ನೇ ನೋಡುತ್ತಿದ್ದ. ಆಮೇಲೆ ತಡೆಯಲಾರದೆ ಕೇಳಿದ: "ಸಾಹೇಬ್ರ, ಶನಿ ಕಾಟ ಏನ್ರೀ? ಹಂಗಿದ್ರ ನಡುಬೆರಳಿಗೆ ಹಾಕ್ಬೇಕ್ರಿ. ಕಿರುಬೆರಳಿಗೆ ಹಾಕಿದ್ರ ಏನೂ ಉಪಯೋಗ ಇಲ್ಲ."

ಅವನ ತಪ್ಪಿಲ್ಲ. ಕಬ್ಬಿಣದ ಉಂಗುರ ಅಂದರೆ ನಮ್ಮ ಕಡೆ ಕುದುರೆ ಲಾಳ, ಶನಿವಾರ, ಎಳ್ಳೆಣ್ಣೆ ದೀಪ. ನನ್ನದು ಕೆನಡಾದ ಇಂಜಿನಿಯರ್‌ಗಳು ಹಾಕಿಕೊಳ್ಳುವ ಉಂಗುರ. ನೋಡಲು ಏನೇನೂ ಚೆಂದವಿಲ್ಲ, ಸುತ್ತಿಗೆಯಲ್ಲಿ ಬಡಿದ ಹಾಗೆ ಒರಟಾಗಿದೆ. ಕೆಲಸ ಮಾಡುವ ಕೈಯ ಕಿರುಬೆರಳಿಗೇ ಹಾಕಬೇಕು. ಡ್ರಾಯಿಂಗ್ ಮೇಲೆ ಸೈನ್ ಹಾಕಲು ಕೈ ಇಟ್ಟರೆ ಮೊದಲು ಕಾಗದಕ್ಕೆ ತಾಗುವುದೇ ಅದು. ಟೊರೊಂಟೊದಲ್ಲಿ ಈಗಲೂ ನಿಜವಾದ ಕಬ್ಬಿಣದ್ದೇ ಕೊಡುತ್ತಾರೆ. ಬೆವರು ತಾಗಿದರೆ ಬೆರಳು ಕಪ್ಪಾಗುತ್ತದೆ. ನನ್ನ ಹೆಂಡತಿ ಅದನ್ನು ತೆಗೆದಿಡಿ ಅಂತ ಹೇಳಿ ಹೇಳಿ ಸುಸ್ತಾಗಿದ್ದಾಳೆ.

ಗೌಂಡಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಲ್ಲಿ ಇಂಜಿನಿಯರ್ ಅನ್ನೋ ಗುರುತಿಗೆ" ಅಂದೆ. ಅವನು ಕಾಲ ಬಳಿ ಬಿದ್ದಿದ್ದ ಪಿಲ್ಲರ್‌ನ ರಿಂಗೊಂದನ್ನು ಎತ್ತಿ ತೋರಿಸಿದ. "ರಿಂಗ್ ನಮ್ಮಲ್ಲೂ ಅದಾವಲ್ರೀ!"

ನನ್ನನ್ನು ಅಲ್ಲಿಗೆ ಕರೆದದ್ದು ಮಾಮಾ. ಎರಡು ಅಂತಸ್ತಿನ ಮನೆ, ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿ ಬಾಡಿಗೆಗೆ ಕೊಡುವ ಯೋಚನೆ. "ತಮ್ಮಾ, ನೀ ಕೆನಡಾ ಇಂಜಿನಿಯರ್ ಅದಿ. ಒಂದ್ ಸಲ ನೋಡಿ ಹೂಂ ಅನ್ನು, ಸಾಕು" ಅಂದಿದ್ದ. ಲೋಕಲ್ ಇಂಜಿನಿಯರ್ ಒಬ್ಬ ಹುಡುಗ. ಪಾಸಾಗಿ ಎರಡು ವರ್ಷ ಆಗಿರಬಹುದು. ಫೈಲು ಹಿಡಿದು ನಮ್ಮ ಹಿಂದೆ ಹಿಂದೆ ಬರುತ್ತಿದ್ದ, ಮಾತಾಡುತ್ತಿರಲಿಲ್ಲ.

ಪಿಲ್ಲರ್‌ಗಳು 9 ಇಂಚಿಗೆ 9 ಇಂಚು. ಕೆಳಗೆ ಎರೆಮಣ್ಣು. ಹುಬ್ಬಳ್ಳಿಯವರಿಗೆ ಎರೆಮಣ್ಣಿನ ಬಗ್ಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೆಟ್ಟಿಲ ತಿರುವಿನಲ್ಲಿ ಆಗಲೇ ಕೂದಲೆಳೆಯಂಥ ಬಿರುಕು. ಪಾಯದ ಡ್ರಾಯಿಂಗ್ ಕೇಳಿದೆ. ಹುಡುಗ ಮಾಮಾನ ಮುಖ ನೋಡಿದ. ಮಾಮಾ ಆಕಾಶ ನೋಡಿದ.

ಅಲ್ಲಿ ನಿಂತಾಗ ನನಗೆ ನನ್ನದೇ ಹಳೆಯ ಕಥೆ ನೆನಪಾಯಿತು. ಕೆನಡಾಕ್ಕೆ ಹೋಗುವ ಮುಂಚೆ ನಾನೂ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಸಂಜೆ ಹೊತ್ತಿಗೆ ಟೇಬಲ್ ಮೇಲೆ ಫೈಲು ಬಂದು ಬೀಳುತ್ತಿದ್ದವು. ಕಟ್ಟಡ ಭದ್ರವಾಗಿದೆ ಅನ್ನುವ ಸರ್ಟಿಫಿಕೇಟ್. ಒಂದು ಸೈನ್‌ಗೆ 500 ರೂಪಾಯಿ. ಸೈಟ್ ಎಲ್ಲಿದೆ ಅಂತಲೂ ಗೊತ್ತಿಲ್ಲದೆ ಸೈನ್ ಹಾಕಿದ್ದೇನೆ, ಒಂದಲ್ಲ, ಹತ್ತಾರು. ಆ ಕಟ್ಟಡಗಳು ಇವತ್ತೂ ನಿಂತಿವೆ. ಅದು ನನ್ನ ಪುಣ್ಯ, ನನ್ನ ಲೆಕ್ಕಾಚಾರದ ಬಲ ಅಲ್ಲ.

ಆಗ ನಾನೇನು ಕೆಟ್ಟವನಾಗಿರಲಿಲ್ಲ. ಈಗ ಏನೂ ಒಳ್ಳೆಯವನಾಗಿಲ್ಲ. ಹಾಗಾದರೆ ಬದಲಾದದ್ದು ಏನು? ಇದನ್ನು ಬಹಳ ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ಅನಿಸುವುದು ಇಷ್ಟೇ: ನಾನಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 'ಆಗಲ್ಲ' ಅನ್ನುವುದು ಸುಲಭ. ಹುಬ್ಬಳ್ಳಿಯಲ್ಲಿ ಬಹಳ ದುಬಾರಿ.

ಇಲ್ಲಿ ಒಂಟಾರಿಯೊದಲ್ಲಿ ಲೈಸೆನ್ಸ್ ಇಲ್ಲದವನು ತನ್ನದೇ ಹೊಣೆಯ ಮೇಲೆ ಇಂಜಿನಿಯರಿಂಗ್ ಕೆಲಸ ಮಾಡುವಂತಿಲ್ಲ. ಬರೀ ಡಿಗ್ರಿ ಇದ್ದರೆ ಸಾಲದು. 4 ವರ್ಷದ ಅನುಭವ ಬೇಕು, ಜೊತೆಗೆ ಕಾನೂನು ಮತ್ತು ನೀತಿಯ ಮೇಲೆ ಒಂದು ಪರೀಕ್ಷೆ. ಎರಡೂವರೆ ಗಂಟೆ, 110 ಪ್ರಶ್ನೆ, ಒಂದರಲ್ಲೂ ಬೀಮ್ ಲೆಕ್ಕ ಇಲ್ಲ. ನಾನು ಅದಕ್ಕೆ ಓದಿದ್ದು ಟಿಮ್ ಹಾರ್ಟನ್ಸ್‌ನಲ್ಲಿ ಕೂತು, ಒಂದು ಕಾಫಿಗೆ ಮೂರು ಗಂಟೆ. ಆಗ ಸಿಕ್ಕಿದ್ದು ಬಸವನಹುಳುವಿನ ಕೇಸು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಹೋಟೆಲಿನಲ್ಲಿ ಡೊನಹ್ಯೂ ಅನ್ನುವ ಹೆಂಗಸಿಗೆ ಗೆಳತಿ ಶುಂಠಿ ಸೋಡಾ ಕೊಡಿಸುತ್ತಾಳೆ. ಬಾಟಲಿಯೊಳಗೆ ಕೊಳೆತ ಬಸವನಹುಳು ಇತ್ತು ಅಂತ ಆಕೆ ಸೋಡಾ ಮಾಡಿದವನ ಮೇಲೆ ಕೇಸು ಹಾಕುತ್ತಾಳೆ. ದುಡ್ಡು ಕೊಟ್ಟಿದ್ದು ಗೆಳತಿ. ಸೋಡಾ ಕಂಪನಿಗೂ ಡೊನಹ್ಯೂಗೂ ಒಪ್ಪಂದವೇ ಇಲ್ಲ. ಆದರೂ ಅವನ ಮೇಲೆ ಜವಾಬ್ದಾರಿ ಇದೆ ಅಂತ 1932ರಲ್ಲಿ ತೀರ್ಪು ಬಂತು. ಇಂಜಿನಿಯರ್‌ಗೂ ಅದೇ ಲೆಕ್ಕ. ಫೀಸು ಕೊಡುವುದು ಮಾಮಾ. ಆದರೆ ಗೋಡೆಯ ಆಚೆ ಲಗೋರಿ ಆಡುವ ಪಕ್ಕದ ಮನೆ ಹುಡುಗನಿಗೂ ನಾನು ಉತ್ತರ ಕೊಡಬೇಕು.

ಪರೀಕ್ಷೆಗಿಂತ ನನಗೆ ಹಿಡಿಸಿದ್ದು ನಿಯಮಗಳಲ್ಲಿರುವ ಒಂದು ಸಣ್ಣ ಮಾತು. ಇಂಜಿನಿಯರಿಂಗ್ ಗೊತ್ತಿಲ್ಲದ ಮೇಲಿನವರು ನಿನ್ನ ತೀರ್ಮಾನವನ್ನು ತಳ್ಳಿಹಾಕಿದರೆ, ಅದರಿಂದ ಏನಾಗುತ್ತದೆ ಅಂತ ಅವರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದೆ ಸುಮ್ಮನಿದ್ದರೆ ಅದು ನಿನ್ನ ವೃತ್ತಿಯ ಅಪರಾಧ. ಜನರಿಗೆ ಅಪಾಯ ಇದೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೂ ಅಷ್ಟೇ. ಅಂದರೆ ಸುಮ್ನೆ ಇರುವುದೇ ಇಲ್ಲಿ ತಪ್ಪು. ನಮ್ಮಲ್ಲಿ ಅದಕ್ಕೆ 'ಜಾಣತನ' ಅನ್ನುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಗೊತ್ತಾಗಿದ್ದು ಒಂದು ಶುಕ್ರವಾರ ಮಧ್ಯಾಹ್ನ. ಕಾಂಟ್ರಾಕ್ಟರ್ ಫೋನ್ ಮಾಡಿದ. ಸೋಮವಾರ ಬೆಳಗ್ಗೆ ಕಾಂಕ್ರೀಟ್, ಪಂಪ್ ಬುಕ್ ಆಗಿದೆ, ಒಂದು ಬೀಮ್‌ನ ಬದಲಾವಣೆಗೆ ನನ್ನ ಸೀಲ್ ಬೇಕು. ಲೆಕ್ಕ ಹಾಕಲು ಎರಡು ದಿನ ಬೇಕು, ಇವತ್ತು ಆಗಲ್ಲ ಅಂದೆ. ಎದೆ ಹೊಡೆದುಕೊಳ್ಳುತ್ತಿತ್ತು. ಬೈತಾನೆ, ಬಾಸ್‌ಗೆ ಫೋನ್ ಮಾಡ್ತಾನೆ ಅಂದುಕೊಂಡಿದ್ದೆ. ಅವನು ಒಂದು ನಿಟ್ಟುಸಿರು ಬಿಟ್ಟು, ಸರಿ, ನಿನ್ನ ಲೈಸೆನ್ಸ್ ತಾನೇ, ಬುಧವಾರಕ್ಕೆ ಹಾಕೋಣ ಅಂತ ಫೋನ್ ಇಟ್ಟ. ಅಷ್ಟೇ! ನಾನು ಧೈರ್ಯವಂತ ಅಂತ ಅವನು ತಿಳಿದುಕೊಳ್ಳಲಿಲ್ಲ. ಸೊಕ್ಕು ಅಂತಲೂ ಅಂದುಕೊಳ್ಳಲಿಲ್ಲ. ನನ್ನ ಕೈ ಕಟ್ಟಿದೆ ಅಂತ ಅವನಿಗೆ ಗೊತ್ತಿತ್ತು. ಕಾನೂನು ನನಗೆ ಒಂದು ನೆಪ ಕೊಟ್ಟಿತ್ತು.

ಕೆನಡಾದವರಿಗೆ ಇದು ಹುಟ್ಟಿನಿಂದ ಬಂದದ್ದಲ್ಲ. ಕ್ವಿಬೆಕ್ ಸೇತುವೆಯ ಕಥೆ ಇಲ್ಲಿನ ಪ್ರತಿ ಇಂಜಿನಿಯರಿಂಗ್ ವಿದ್ಯಾರ್ಥಿಗೂ ಗೊತ್ತು. ಸೇಂಟ್ ಲಾರೆನ್ಸ್ ನದಿಯ ಮೇಲೆ, ಕಂಬದಿಂದ ಕಂಬಕ್ಕಿರುವ ಅಂತರದಲ್ಲಿ ಜಗತ್ತಿನಲ್ಲೇ ದೊಡ್ಡದಾದ ಸೇತುವೆ ಕಟ್ಟುತ್ತಿದ್ದರು. ನಡುವಿನ ಅಂತರ ಮೊದಲು 1600 ಅಡಿ ಇತ್ತು, ಅದನ್ನು 1800 ಅಡಿಗೆ ಏರಿಸಿದರು. ಸೇತುವೆಯ ಭಾರದ ಲೆಕ್ಕವನ್ನು ಮಾತ್ರ ಸರಿಯಾಗಿ ಮತ್ತೆ ಹಾಕಲಿಲ್ಲ. ಮುಖ್ಯ ಸಲಹೆಗಾರ ಥಿಯೋಡೋರ್ ಕೂಪರ್, ಹೆಸರಾಂತ ಇಂಜಿನಿಯರ್, ಕೂತಿದ್ದು ನ್ಯೂಯಾರ್ಕ್‌ನಲ್ಲಿ. ಆರೋಗ್ಯ ಸರಿಯಿಲ್ಲ, ಕಬ್ಬಿಣ ಏರುವಾಗ ಒಂದು ಸಲವೂ ಸೈಟಿಗೆ ಬರಲಿಲ್ಲ. ಸೈಟಿನಲ್ಲಿದ್ದವನು ಮೆಕ್‌ಲೂರ್ ಅನ್ನುವ ಹುಡುಗ. 1907ರ ಆಗಸ್ಟ್‌ನಲ್ಲಿ ಕೆಳಗಿನ ದೊಡ್ಡ ತೊಲೆಗಳು ಬಾಗುತ್ತಿರುವುದು ಅವನ ಕಣ್ಣಿಗೆ ಬಿತ್ತು. ಒಂದು ತೊಲೆಯಂತೂ ಎರಡು ಇಂಚು ಬಾಗಿತ್ತು. ಕೆಲವರು ಅದು ಫ್ಯಾಕ್ಟರಿಯಿಂದಲೇ ಹಾಗೆ ಬಂದಿದೆ ಅಂದರು. ಹುಡುಗ ನ್ಯೂಯಾರ್ಕಿಗೆ ಹೊರಟ. ಆಗಸ್ಟ್ 29ರಂದು ಕೂಪರ್‌ನನ್ನು ಕಂಡ. ಕೂಪರ್ ಇನ್ನು ಭಾರ ಹಾಕಬೇಡಿ ಅಂತ ಟೆಲಿಗ್ರಾಂ ಕಳಿಸಿದ. ಆದರೆ ಕಳಿಸಿದ್ದು ಕ್ವಿಬೆಕ್‌ಗೆ ಅಲ್ಲ, ಸೇತುವೆ ಕಟ್ಟುತ್ತಿದ್ದ ಕಂಪನಿಯ ಪೆನ್ಸಿಲ್ವೇನಿಯಾದ ಆಫೀಸಿಗೆ. ಅದೇ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ, ಸೇತುವೆ ನದಿಗೆ ಬಿತ್ತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅವರಲ್ಲಿ 33 ಜನ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಬುಡಕಟ್ಟಿನವರು. 1916ರಲ್ಲಿ ನಡುವಿನ ಭಾಗ ಎತ್ತುವಾಗ ಮತ್ತೆ ಬಿದ್ದು ಇನ್ನೂ 13 ಜನ ಹೋದರು.

ಈ ಉಂಗುರ ಆ ಸೇತುವೆಯ ಕಬ್ಬಿಣದ್ದೇ ಅಂತ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಉಂಗುರದ ಸಮಾರಂಭ ಶುರುವಾಗಿದ್ದು 1925ರಲ್ಲಿ, ಮಾಂಟ್ರಿಯಲ್‌ನಲ್ಲಿ. ನನಗೆ ಆ ಕಥೆಯಲ್ಲಿ ಕಾಡುವುದು ಕೂಪರ್‌ನ ಲೆಕ್ಕಕ್ಕಿಂತ ಮೆಕ್‌ಲೂರ್‌ನ ರೈಲು ಪ್ರಯಾಣ. ಬಾಗಿದ ತೊಲೆ ಕಣ್ಣೆದುರಿಗಿದೆ. ಆದರೆ ನಿಲ್ಲಿಸಿ ಅನ್ನಲು ಅವನಿಗೆ ಇನ್ನೊಂದು ದೇಶಕ್ಕೆ ಹೋಗಿ ಅನುಮತಿ ಕೇಳಬೇಕಿತ್ತು.

ನಮ್ಮ ಹುಬ್ಬಳ್ಳಿಯ ಹುಡುಗ ಮಾತಾಡದೆ ನಿಂತಿದ್ದನಲ್ಲ, ಅವನದೂ ಅದೇ ಪಾಡು.

ಭಾರತದಲ್ಲಿ ವಕೀಲರಿಗೆ 1961ರ ಕಾನೂನು ಇದೆ, ಆರ್ಕಿಟೆಕ್ಟ್‌ಗಳಿಗೆ 1972ರದ್ದು ಇದೆ. ಡಾಕ್ಟರ್‌ಗಳಿಗೆ ಇದೆ. ಇಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಅನ್ವಯಿಸುವಂಥದ್ದು ಇಲ್ಲ. ಕರಡು ಮಸೂದೆಗಳು ಆಗಾಗ ಓಡಾಡುತ್ತವೆ. ಗುಜರಾತ್ 2006ರಲ್ಲಿ ಸಿವಿಲ್ ಇಂಜಿನಿಯರ್‌ಗಳಿಗೆ ತನ್ನದೇ ಕಾನೂನು ಮಾಡಿಕೊಂಡಿತು. ನಮ್ಮಲ್ಲಿ ಪಾಲಿಕೆಯ ರಿಜಿಸ್ಟ್ರೇಷನ್ ಅಂತ ಇದೆ, ಅದು ಪ್ಲಾನ್ ಪಾಸ್ ಮಾಡಿಸುವ ಕೌಂಟರಿಗೆ ಬೇಕಾದ ಕಾಗದ. ಇಂಜಿನಿಯರ್‌ನನ್ನು ಕಾನೂನು ಹುಡುಕಿಕೊಂಡು ಬರುವುದು ಕಟ್ಟಡ ಬಿದ್ದ ಮೇಲೆ. 1983ರಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಬಿದ್ದು ನೂರಕ್ಕೂ ಜಾಸ್ತಿ ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ. ಆ ದಿನ ನಾನು ಇಲ್ಲಿ ಬೆಳಗ್ಗೆ ಎದ್ದಾಗ ಅವ್ವನ ಮಿಸ್ಡ್ ಕಾಲ್ ನಾಲ್ಕಿದ್ದವು. "ನಿನಗೇನೂ ಸಂಬಂಧ ಇಲ್ಲಲ್ಲಾ?" ಅಂತ ಕೇಳಿದಳು. ನಾನು ಊರು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಕೇಳಿದಳು. ಅವಳಿಗೆ ಆ ಫೈಲುಗಳ ವಿಷಯ ಗೊತ್ತಿತ್ತು.

ಆಮೇಲೆ ಅರೆಸ್ಟ್, ಟಿವಿ, ನಿರ್ಲಕ್ಷ್ಯದಿಂದ ಸಾವು ಅನ್ನುವ ಕೇಸು. ಹಳೆಯ ದಂಡ ಸಂಹಿತೆಯ 304ಎ ಕಲಂ ಈಗ ಹೊಸ ಸಂಹಿತೆಯಲ್ಲಿ 106 ಆಗಿದೆ, ಶಿಕ್ಷೆ ಎರಡು ವರ್ಷದಿಂದ ಐದಕ್ಕೆ ಏರಿದೆ. ಏರಲಿ. ಆದರೆ ಹೆಣ ಎತ್ತಿದ ಮೇಲೆ ಬರುವ ಕಾನೂನಿಗೆ ಹೆದರಿ ಶುಕ್ರವಾರ ಮಧ್ಯಾಹ್ನ ಯಾರೂ 'ಆಗಲ್ಲ' ಅನ್ನುವುದಿಲ್ಲ.

ಇದನ್ನು ಓದಿ ಕೆನಡಾದವರೆಲ್ಲ ಸತ್ಯಹರಿಶ್ಚಂದ್ರರು ಅಂತ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. 2012ರ ಜೂನ್‌ನಲ್ಲಿ ಇದೇ ಒಂಟಾರಿಯೊದ ಎಲಿಯಟ್ ಲೇಕ್ ಊರಿನಲ್ಲಿ ಆಲ್ಗೋ ಮಾಲ್‌ನ ಚಾವಣಿ ಕುಸಿದು ಇಬ್ಬರು ಹೆಂಗಸರು ಸತ್ತರು. ಚಾವಣಿ ಮೇಲೆ ಕಾರ್ ಪಾರ್ಕಿಂಗ್, 1980ರಲ್ಲಿ ಕಟ್ಟಿದಾಗಿನಿಂದ ಸೋರಿಕೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ನೀರಿನ ಜೊತೆ ಇಳಿದು ಸ್ಟೀಲಿನ ಜೋಡಣೆಯನ್ನು ತಿಂದಿತ್ತು. ಬೀಳುವ ಕೆಲವೇ ವಾರ ಮೊದಲು ಲೈಸೆನ್ಸ್ ಹೊಂದಿದ್ದ ಸಂಸ್ಥೆಯ ಹೆಸರಿನಲ್ಲಿ 'ಗಟ್ಟಿಯಾಗಿದೆ' ಅಂತ ವರದಿ ಹೋಗಿತ್ತು. ಮಾಲೀಕರು ಹೇಳಿದ ಹಾಗೆ ವರದಿ ತಿದ್ದಿದ್ದು ವಿಚಾರಣೆಯಲ್ಲಿ ಬಯಲಾಯಿತು. ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ವರದಿ ಕೊಟ್ಟವನಿಗೆ ಕ್ರಿಮಿನಲ್ ಕೇಸಿನಲ್ಲಿ 2017ರಲ್ಲಿ ಖುಲಾಸೆ ಆಯಿತು. ಇಂಜಿನಿಯರ್‌ಗಳು ಓದು ಮುಂದುವರಿಸುವುದು ಕಡ್ಡಾಯ ಆಗಬೇಕು ಅಂತ 2014ರಲ್ಲಿ ವಿಚಾರಣಾ ಆಯೋಗ ಹೇಳಿತು. ಒಂಟಾರಿಯೊದಲ್ಲಿ ಅದು ಕಡ್ಡಾಯವಾಗಲು 2023 ಬಂತು. ಫೈಲು ಧೂಳು ತಿನ್ನುವುದು ನಮ್ಮ ವಿಧಾನಸೌಧದಲ್ಲಿ ಮಾತ್ರ ಅಲ್ಲ.

ಇನ್ನೊಂದು ಕಾಟವೂ ಇದೆ. ಇಲ್ಲಿ ಕೆಲವರು ಜವಾಬ್ದಾರಿಗಿಂತ ಜಾಸ್ತಿ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದನ್ನು ಕಲಿತಿರುತ್ತಾರೆ. ಎರಡು ಪುಟದ ವರದಿಗೆ ಮೂರು ಪುಟ 'ಇದಕ್ಕೆ ನಾನು ಹೊಣೆ ಅಲ್ಲ' ಪಟ್ಟಿ. ಆದರೆ ತಪ್ಪು ಮಾಡಿ ಸಿಕ್ಕಿಬಿದ್ದವರ ತೀರ್ಪುಗಳು ಇಂಜಿನಿಯರ್‌ಗಳ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ, ಸಾಮಾನ್ಯವಾಗಿ ಹೆಸರಿನ ಜೊತೆಗೇ. ಊರಲ್ಲಿ ನಮ್ಮಜ್ಜ ಪೇಪರ್ ಬಂದ ಕೂಡಲೇ ನಿಧನ ವಾರ್ತೆ ತಿರುಗಿಸುತ್ತಿದ್ದ. ನಾನು ಈ ಪುಟ ತಿರುಗಿಸುತ್ತೇನೆ.

ನಮ್ಮಲ್ಲಿ ಲೈಸೆನ್ಸ್ ತಂದರೆ ಇನ್ನೊಂದು ಕೌಂಟರ್, ಇನ್ನೊಂದು ಲಂಚ ಅಂತ ನನ್ನ ಕ್ಲಾಸ್‌ಮೇಟ್ ಒಬ್ಬ ಹೇಳುತ್ತಾನೆ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಸರ್ಕಾರಿ ಆಫೀಸು ಕೊಡುವ ಲೈಸೆನ್ಸ್ ಆದರೆ ಹಾಗೇ ಆಗುತ್ತದೆ. ಇಲ್ಲಿ ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು ಎರಡನ್ನೂ ಕಾನೂನಿನ ಕೆಳಗೆ ಇಂಜಿನಿಯರ್‌ಗಳ ಸಂಸ್ಥೆಯೇ ಮಾಡುತ್ತದೆ. ನಾವು ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕಿ ಮೇಣದಬತ್ತಿ ಕಥೆ ಹೇಳುತ್ತೇವೆ. ಸರ್ಕಾರದ ಬತ್ತಿ ಆರಿಸಿ ತಮ್ಮದನ್ನು ಹಚ್ಚಿಕೊಂಡರಂತೆ. ನಡೆದದ್ದೋ ಕಟ್ಟಿದ್ದೋ, ಕಥೆ ಚೆನ್ನಾಗಿದೆ. ಆದರೆ ಅದನ್ನು ಕೇಳಿ ಬೆಳೆದವನಿಗೆ ಪ್ರಾಮಾಣಿಕತೆ ಅಂದರೆ ಮಹಾಪುರುಷರ ಕೆಲಸ ಅನಿಸಿಬಿಡುತ್ತದೆ. ಬೈಕ್ ಸಾಲ ಇರುವ, ತಂಗಿ ಮದುವೆ ಇರುವ ಹುಡುಗ ವಿಶ್ವೇಶ್ವರಯ್ಯ ಆಗಬೇಕಿಲ್ಲ. ಅವನಿಗೆ ಒಂದು ಗಟ್ಟಿ ನೆಪ ಸಿಕ್ಕರೆ ಸಾಕು.

ಟೆರೇಸ್ ಮೇಲೆ ಕೊನೆಗೆ ನಾನು ಮಾಮಾನಿಗೆ ಎರೆಮಣ್ಣು, ಪಿಲ್ಲರು, ಬಿರುಕು ಎಲ್ಲ ಹೇಳಿದೆ. ಮಾಮಾ ಜಗ್ಗಲಿಲ್ಲ. "ಎದುರಿನ ಮನೆಯವರು ನಾಕು ಏರಿಸ್ಯಾರ, ಏನಾಗೇತಿ?" ಅಂದ. ಆಗ ಬೇರೆ ದಾರಿ ಕಾಣದೆ, "ಮಾಮಾ, ನಾ ಇದಕ್ಕ ಹೂಂ ಅಂದ್ರ ಅಲ್ಲಿ ನನ್ನ ಲೈಸೆನ್ಸ್ ಹೋಗ್ತೇತಿ" ಅಂದೆ. ಮನೆಮಂದಿಗೆ ಬಾಯಿಮಾತಿನಲ್ಲಿ ಹೂಂ ಅಂದದ್ದಕ್ಕೆ ಟೊರೊಂಟೊದಲ್ಲಿ ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ಅದು ನನಗೂ ಗೊತ್ತು. ಮಾಮಾ ಮಾತ್ರ ತಕ್ಷಣ ಮೆತ್ತಗಾದ. "ಏ, ಬ್ಯಾಡ ಬಿಡಪಾ. ನಿನ್ನ ಅನ್ನಕ್ಕ ನಾ ಯಾಕ ಕಲ್ಲು ಹಾಕ್ಲಿ?" ಅಂದು ಗೌಂಡಿಗೆ ಪತ್ರಾಸ್ ಶೆಡ್ಡಿಗೆ ಎಷ್ಟಾಗುತ್ತೆ ಅಂತ ಕೇಳತೊಡಗಿದ.

ಕೆಳಗೆ ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ, ಆ ಬಿರುಕಿನ ಹತ್ತಿರವೇ, ಹುಡುಗ ನನ್ನನ್ನು ನಿಲ್ಲಿಸಿದ.

"ಸರ್, ಈ ಬಿರುಕು ನಾ ಮೊದಲೇ ನೋಡಿದ್ದೆರೀ. ನೀವು ಲೈಸೆನ್ಸ್ ಹೋಗ್ತೇತಿ ಅಂದ್ರಿ, ಅವರು ಸುಮ್ಮನಾದ್ರು. ನಾ ಏನ್ ಹೋಗ್ತೇತಿ ಅನ್ಲಿರೀ?"

ಉತ್ತರ ಹೊಳೆಯಲಿಲ್ಲ. ಅವನ ಫೈಲು ಇಸಿದುಕೊಂಡು ಪಾಯದ ಡ್ರಾಯಿಂಗ್ ಇರಬೇಕಾದ ಪುಟ ಹುಡುಕಿದೆ. ಅಲ್ಲಿ ಅವನ ಸೈನ್ ಮಾತ್ರ ಇತ್ತು.