ಏಳನೆಯ ಮೆಟ್ಟಿಲಿನಿಂದ ಹತ್ತುವವರು

ನಿನ್ನೆ ನಮ್ಮ ಕಚೇರಿಯಲ್ಲಿ 40 ನಿಮಿಷಗಳ ಮೈಂಡ್‌ಫುಲ್‌ನೆಸ್ ತರಬೇತಿ, ಅಂದರೆ ಈ ಕ್ಷಣದ ಮೇಲೆ ಎಚ್ಚರದ ಗಮನವಿಡುವುದನ್ನು ಕಲಿಸುವ ತರಗತಿ, ನಡೆಯಿತು. ಅಂಗೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಅದನ್ನು ನೋಡಿ, ಮೂಸಿ, ಆಮೇಲೆ ನಿಧಾನವಾಗಿ ಅಗಿಯಲು ಹೇಳಿದ ತರಬೇತುದಾರರು ಕೊನೆಗೆ, "ಬುದ್ಧನ ಧರ್ಮ ಬಹಳ ಹಳೆಯದು, ಇಂದಿನವರಿಗೆ ಒಗ್ಗುವುದಿಲ್ಲ, ಅದಕ್ಕೇ ತಿರುಳನ್ನಷ್ಟೇ ತಂದಿದ್ದೇವೆ" ಎಂದರು. ಎಲ್ಲರೂ ತಲೆದೂಗಿದರು. ನಾನು ಅಷ್ಟರಲ್ಲಿ ದ್ರಾಕ್ಷಿಯನ್ನು ನುಂಗಿಯಾಗಿತ್ತು.

ತಿರುಳು ಯಾವುದು, ಸಿಪ್ಪೆ ಯಾವುದು ಎಂದು ತೀರ್ಮಾನಿಸಿದವರು ಯಾರು? ಬುದ್ಧ ಹೇಳಿದ ಎಂಟು ಅಂಗಗಳ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಈ ಎಚ್ಚರದ ಗಮನ, ಏಳನೆಯದು. ಅದಕ್ಕೂ ಮೊದಲು ದೃಷ್ಟಿ, ಸಂಕಲ್ಪ, ಮಾತು, ನಡತೆ, ಜೀವನೋಪಾಯ ಮತ್ತು ಪ್ರಯತ್ನ ಸರಿಯಾಗಿರಬೇಕೆಂಬ ಆರು ಅಂಗಗಳಿವೆ. ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ, ಈ ಐದರ ವ್ಯಾಪಾರ ಉಪಾಸಕನಿಗೆ, ಅಂದರೆ ಗೃಹಸ್ಥ ಅನುಯಾಯಿಗೆ, ಸಲ್ಲದು ಎಂದು ಬುದ್ಧ ಹೆಸರಿಟ್ಟೇ ಹೇಳಿದ್ದಾನೆ. ಕಂಪನಿಯ ಖರ್ಚಿನಲ್ಲಿ ನಡೆಯುವ ತರಬೇತಿಯಲ್ಲಿ ಜೀವನೋಪಾಯದ ಮಾತೆತ್ತಿದರೆ ನಾವು ಮಾರುತ್ತಿರುವುದೇನು ಎಂಬ ಪ್ರಶ್ನೆ ಏಳುತ್ತದೆ. ದ್ರಾಕ್ಷಿಯಿಂದ ಅಂಥ ತೊಂದರೆಯಿಲ್ಲ.

ಅಮೆರಿಕದ ವಿಜ್ಞಾನಿ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಧರ್ಮದ ಹೆಸರೆತ್ತದೆ ಇದನ್ನೇ ಕಲಿಸಲಿಲ್ಲವೇ ಎಂದು ನೀವು ಕೇಳಬಹುದು. ಕಲಿಸಿದರು, ರೋಗಿಗೆ ಉಪಶಮನ ಸಿಕ್ಕರೆ ಬೇಡವೆನ್ನಲು ನಾನ್ಯಾರು? ಆದರೆ ನೋವಿನ ಮಾತ್ರೆ ನುಂಗಿದವನು ವೈದ್ಯಶಾಸ್ತ್ರವೇ ಹಳತಾಯಿತೆಂದು ಸಾರುತ್ತಾ ತಿರುಗುವುದಿಲ್ಲ. ಇನ್ನು, ಹಳೆಯ ಧರ್ಮ ಸನ್ಯಾಸಿಗಳಿಗೇ ಹೊರತು ಸಂಸಾರಿಗಳಿಗಲ್ಲ ಎನ್ನುವವರು ಸಿಗಾಲೋವಾದ ಸುತ್ತ ಎಂಬ ಬುದ್ಧನ ಉಪದೇಶವನ್ನೊಮ್ಮೆ ಓದಲಿ. ರಾಜಗೃಹದಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಗೃಹಸ್ಥನ ಮಗನಿಗೆ ಬುದ್ಧ ಅಲ್ಲಿ ಹೇಳುವುದು ಸಂಸಾರದ ವಿಷಯವನ್ನೇ: ಗಳಿಕೆಯಲ್ಲಿ ಒಂದು ಪಾಲು ಅನುಭವಿಸು, ಎರಡು ಪಾಲನ್ನು ಕೆಲಸಕ್ಕೆ ತೊಡಗಿಸು, ನಾಲ್ಕನೆಯದನ್ನು ಕಷ್ಟಕಾಲಕ್ಕೆಂದು ಎತ್ತಿಡು. ಆಳುಗಳನ್ನು ಶಕ್ತಿ ಮೀರಿ ದುಡಿಸಬೇಡ, ಕಾಯಿಲೆಯಾದಾಗ ನೋಡಿಕೋ, ಆಗಾಗ ರಜೆ ಕೊಡು ಎಂಬುದೂ ಅಲ್ಲೇ ಇದೆ. ನಮ್ಮ ತರಬೇತಿ ಇಟ್ಟಿದ್ದು ಶನಿವಾರ.

ಆ ಧರ್ಮ ನಮಗೆ ಒಗ್ಗುವುದಿಲ್ಲ ಎನ್ನುವಾಗ ನಮಗೆ ಒಗ್ಗದಿರುವುದು ಅದರ ಹಳತನವಲ್ಲ, ಅದು ನಮ್ಮಿಂದ ಕೇಳುವ ಬೆಲೆ. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ನನ್ನ ವಿಪಶ್ಯನ ಧ್ಯಾನ ಶಿಬಿರದ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ: ಬೆಳಗಿನ 4 ಗಂಟೆಯ ಗಂಟೆ, ಮೌನ, ಮೊದಲ ಮೂರು ದಿನ ಮೂಗಿನ ತುದಿಯ ಉಸಿರಿನ ಮೇಲಷ್ಟೇ ಗಮನ, ಶುಲ್ಕವೆಂದು ಒಂದು ರೂಪಾಯಿಯನ್ನೂ ಕೇಳದ ವ್ಯವಸ್ಥೆ. ಕೊನೆಯ ಭಾಗವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಸುಳ್ಳಾಡುವುದಿಲ್ಲ ಎಂಬುದೂ ಸೇರಿದಂತೆ ಪಂಚಶೀಲಗಳನ್ನು ಸ್ವೀಕರಿಸಿ ಕುಳಿತಿದ್ದ ನಾನು, 10 ದಿನದ ಶಿಬಿರದ 6ನೆಯ ದಿನ ಮಂಡಿನೋವನ್ನೂ ತಲೆಯೊಳಗಿನ ಗದ್ದಲವನ್ನೂ ತಾಳಲಾರದೆ, ಅಮ್ಮನಿಗೆ ಹುಷಾರಿಲ್ಲ ಎಂದು ಆಚಾರ್ಯರ ಮುಂದೆ ಹೇಳಿ ಹೊರಬಿದ್ದೆ. ಬಾಗಿಲು ತೆರೆದ ಅಮ್ಮ ಆರೋಗ್ಯವಾಗಿಯೇ ಇದ್ದರು. "ಯಾಕೋ, ಇಷ್ಟು ಬೇಗ ಬಂದುಬಿಟ್ಟೆ?" ಎಂದು ಕೇಳಿದರು.

ಶಿಬಿರ ಬೇಗ ಮುಗಿಯಿತು ಎಂದೆ.