ವೆಬ್ ಸರ್ವೀಸ್ ಆನ್ ಮಾಡೋಕೆ ಏನು ಕಷ್ಟ?

ನಾನು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಅಸೈನ್‌ಮೆಂಟ್ ಮೂಡಲ್ ಅನ್ನುವ ಆನ್‌ಲೈನ್ ಕಲಿಕೆಯ ತಂತ್ರಾಂಶದಲ್ಲಿ, ಅಟೆಂಡೆನ್ಸ್ ಇನ್ನೊಂದು ಪೋರ್ಟಲ್‌ನಲ್ಲಿ, ಟೈಮ್‌ಟೇಬಲ್ ವಾಟ್ಸಾಪ್‌ಗೆ ಬರುವ ಪಿಡಿಎಫ್‌ನಲ್ಲಿ. ನೆಲಮಂಗಲದಿಂದ ಬಸ್ ಬದಲಿಸಿಕೊಂಡು ಬರುವ ಹುಡುಗಿ ಎಷ್ಟು ಕಡೆ ಲಾಗಿನ್ ಆಗಿ ನೋಡಬೇಕು? ಕೊನೇ ದಿನಾಂಕ ತಪ್ಪಿದರೆ ಅಂಕ ಹೋಗುವುದು ಅವಳದೇ ಅಲ್ವಾ?

ನಮ್ಮ ಎಂಸಿಎ ಮಕ್ಕಳು ಇದಕ್ಕಾಗಿಯೇ ಒಂದು ವಿಜೆಟ್ ಮಾಡಿದರು. ಮೂಡಲ್‌ಗೆ ಲಾಗಿನ್ ಆದ ತಕ್ಷಣ ಕಾಣುವ ಒಂದು ಚಿಕ್ಕ ಬ್ಲಾಕ್. ಈ ವಾರ ಏನೇನು ಸಲ್ಲಿಸಬೇಕು, ಯಾವ ವಿಷಯದಲ್ಲಿ ಹಾಜರಿ 75ಕ್ಕಿಂತ ಕೆಳಗೆ ಇಳಿಯುತ್ತಿದೆ, ನಾಳೆ ಮೊದಲ ಕ್ಲಾಸ್ ಯಾವ ರೂಮಿನಲ್ಲಿ, ಎಲ್ಲ ಒಂದೇ ಕಡೆ. ವೈವಾದಲ್ಲಿ ಎಲ್ಲರೂ ಹೊಗಳಿದರು. ಸರಿ, ನಿಜವಾದ ಸರ್ವರ್‌ಗೆ ಹಾಕೋಣ ಅಂದರೆ ಐಟಿ ವಿಭಾಗದವರು, "ವೆಬ್ ಸರ್ವೀಸ್ ಆನ್ ಮಾಡೋಕಾಗಲ್ಲ ಮೇಡಂ, ಸೆಕ್ಯೂರಿಟಿ ಪ್ರಾಬ್ಲಂ" ಅಂದರು.

ಏನು ಪ್ರಾಬ್ಲಂ? ಕೇಳಿದರೆ ಉತ್ತರವಿಲ್ಲ. ವೆಬ್ ಸರ್ವೀಸ್ ಅಂದರೆ ಮೂಡಲ್‌ನಲ್ಲಿರುವ ಮಾಹಿತಿಯನ್ನು ಇನ್ನೊಂದು ಪ್ರೋಗ್ರಾಂ ಕೇಳಿ ಪಡೆಯುವ ದಾರಿ; ಮಕ್ಕಳ ವಿಜೆಟ್‌ಗೆ ಬೇಕಿದ್ದು ಅದೇ. ಮೂಡಲ್‌ನಲ್ಲಿ ಅದು 2010ರ 2.0 ಆವೃತ್ತಿಯಿಂದಲೇ ಇದೆ. ಯಾವ ಫಂಕ್ಷನ್‌ಗಳನ್ನು ಬಳಸಬಹುದು ಅಂತ ಅಡ್ಮಿನ್ ಒಂದೊಂದಾಗಿ ಆರಿಸಿ ಕೊಡಬಹುದು. ಆ ದಾರಿ ತೆರೆಯುವ ಕೀಲಿ, ಅಂದರೆ ಟೋಕನ್, ಇಂಥ ಐಪಿ ವಿಳಾಸದಿಂದ ಬಂದರೆ ಮಾತ್ರ ನಡೆಯಲಿ, ಇಂಥ ದಿನಕ್ಕೆ ಮುಗಿಯಲಿ ಅಂತಲೂ ಕಟ್ಟಬಹುದು. ಮಕ್ಕಳು ಕೇಳಿದ್ದು ಓದುವ ಅನುಮತಿ ಮಾತ್ರ. ಒಂದಕ್ಷರ ತಿದ್ದುವ ಅಧಿಕಾರವನ್ನೂ ಅವರು ಕೇಳಿರಲಿಲ್ಲ. ಅವರು ಬರೆದ ಕೋಡನ್ನು ತೆರೆದೂ ನೋಡದೆ ಸೆಕ್ಯೂರಿಟಿ ಅಂದರೆ ಸಿಟ್ಟು ಬರಲ್ವಾ?

ಅಟೆಂಡೆನ್ಸ್ ಪೋರ್ಟಲ್ ಮಾರಿದ ಕಂಪನಿಯದ್ದು ಇನ್ನೂ ಜಾಸ್ತಿ. ಎಪಿಐ, ಅಂದರೆ ಅವರ ಪೋರ್ಟಲ್‌ನಿಂದ ಮಾಹಿತಿ ಪಡೆಯುವ ಇಂಥದ್ದೇ ದಾರಿ, ಬೇಕೆಂದರೆ ಬೇರೆ ದುಡ್ಡು ಕೊಡಬೇಕಂತೆ. ನಮ್ಮ ಮಕ್ಕಳ ಹಾಜರಿ, ದಿನಾ ಕೂತು ತುಂಬಿದ್ದು ನಾವು. ಅದನ್ನೇ ನಮಗೆ ಮಾರುತ್ತಾರೆ! ಕೊಳ್ಳುವಾಗಲೇ ಒಪ್ಪಂದದಲ್ಲಿ ಅದಕ್ಕೊಂದು ಸಾಲು ಹಾಕಿಸಬೇಕಿತ್ತು. ಪಾಠ ಮಾಡುವವರನ್ನು ಆಗ ಯಾರೂ ಕೇಳಲಿಲ್ಲ.

ವಿಜೆಟ್ ಬರೆದ ಹುಡುಗರು ಪಾಸಾಗಿ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಸೇರಿದರು. ಅಲ್ಲಿ ಅವರು ಮಾಡುತ್ತಿರುವುದೂ ಎಪಿಐ ಕೆಲಸವೇ. ಅವರ ಕೋಡ್ ನಮ್ಮ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಸುಮ್ನೆ ಬಿದ್ದಿದೆ. ಈ ಸೆಮಿಸ್ಟರ್‌ನಲ್ಲೂ ಮಕ್ಕಳು ನನ್ನ ಹತ್ತಿರ ಬಂದು, "ಮೇಡಂ, ಡೇಟ್ ಗೊತ್ತಾಗಲಿಲ್ಲ" ಅನ್ನುತ್ತಿದ್ದಾರೆ. ಅವರಿಗೆ ಏನಂತ ಹೇಳಲಿ?

ಒಂದು ಟೆಸ್ಟ್ ಸರ್ವರ್ ಕೊಡಿ. ಒಂದೇ ವಿಭಾಗಕ್ಕೆ ಹಾಕಿ ನೋಡಿ. ತೊಂದರೆಯಾದರೆ ಅವತ್ತೇ ತೆಗೆದುಬಿಡಿ. ಅದೂ ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಬರೆದು ಸಹಿ ಮಾಡಿ ಕೊಡಿ.