ಕತ್ತರಿಸುವುದು ನರವನ್ನಲ್ಲ

ಎರಡನೇ ಹೆರಿಗೆಯಾಗಿ ಬಾಣಂತಿ ಇನ್ನೂ ವಾರ್ಡಿನಲ್ಲಿ ಇರುವಾಗಲೇ ಮನೆಯವರ ಮಾತು ಶುರುವಾಗುತ್ತದೆ: ‘ಹೇಗೂ ಆಸ್ಪತ್ರೇಲಿ ಇದ್ದಾಳಲ್ಲ, ಆಪರೇಷನ್ನೂ ಮಾಡಿಸಿಬಿಡೋಣ.’ ಗಂಡ ಅಲ್ಲೇ ಬಾಗಿಲ ಹತ್ತಿರ ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಬಾಯಿ ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಹೆಂಗಸರ ಸಂತಾನಹರಣ ಚಿಕಿತ್ಸೆಯನ್ನು ನೆಚ್ಚಿಕೊಂಡಿರುವ ದಂಪತಿಗಳು ಶೇ 37.9, ಗಂಡಸರದನ್ನು ನೆಚ್ಚಿಕೊಂಡವರು ಶೇ 0.3. ಕರ್ನಾಟಕದಲ್ಲಿ ಹೆಂಗಸರ ಲೆಕ್ಕ ಶೇ 57, ಗಂಡಸರದು ಹೆಚ್ಚುಕಡಿಮೆ ಸೊನ್ನೆ.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಗಂಡಸರನ್ನು ಈ ಆಪರೇಷನ್‌ಗೆ ಹಿಡಿದು ಎಳೆದುಕೊಂಡು ಹೋದ ನೆನಪು ಇದಕ್ಕೆ ಒಂದು ಕಾರಣ, ನಿಜ. ಆದರೆ 1977ರ ಆಚೆಗೆ ಹುಟ್ಟಿದವರೂ ಹೇಳುವ ಮಾತು ಒಂದೇ: ‘ನರ ಕಟ್ ಮಾಡ್ತಾರಂತೆ, ಶಕ್ತಿ ಹೋಗುತ್ತಂತೆ.’ ಈ ಭಯಕ್ಕೆ ಪೋಸ್ಟರು, ಘೋಷಣೆಗಳಿಂದ ಉತ್ತರ ಸಿಗುವುದಿಲ್ಲ. ಒಳಗಿನ ಕೊಳವೆಗಳ ನಕ್ಷೆ ಬಿಡಿಸಿ ತೋರಿಸಬೇಕು.

ವೃಷಣಕ್ಕೆ ಎರಡು ಕೆಲಸ, ಹೊರಗೆ ಹೋಗಲು ಎರಡು ದಾರಿ. ಮೊದಲ ಕೆಲಸ ಟೆಸ್ಟೋಸ್ಟೆರಾನ್ ತಯಾರಿ. ಮೀಸೆ, ಗಡಸು ದನಿ, ಮಾಂಸಖಂಡ, ಕಾಮಾಸಕ್ತಿ ಎಲ್ಲಕ್ಕೂ ಬೇಕಾದ ಈ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರಿ ರಕ್ತನಾಳದ ಮೂಲಕವೇ ಹೋಗುತ್ತದೆ. ಜನ ‘ಶಕ್ತಿ’ ಅನ್ನುವುದು ಇದನ್ನೇ ಆದರೆ, ಆ ದಾರಿಯನ್ನು ಯಾರೂ ಮುಟ್ಟುವುದಿಲ್ಲ. ಎರಡನೆಯ ಕೆಲಸ ವೀರ್ಯಾಣುಗಳ ತಯಾರಿ. ಅವು ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡೈಮಿಸ್ ಎಂಬ ಸುರುಳಿಯಲ್ಲಿ ಬಲಿಯುತ್ತವೆ. ಬಿಚ್ಚಿ ಎಳೆದರೆ ಸುಮಾರು 6 ಮೀಟರ್ ಉದ್ದವಾಗುವ ಕೊಳವೆ ಅಷ್ಟು ಚಿಕ್ಕ ಜಾಗದಲ್ಲಿ ಮುದುಡಿ ಕೂತಿರುತ್ತದೆ. ಅದರ ಬಾಲದಿಂದ ಹೊರಡುವುದು ವೀರ್ಯನಾಳ.

ಗಂಡಸರ ಆಪರೇಷನ್, ಅಂದರೆ ವ್ಯಾಸೆಕ್ಟಮಿ, ಆಗುವುದು ಈ ನಾಳಕ್ಕೆ ಮಾತ್ರ: ಅದನ್ನು ಕತ್ತರಿಸಿ ಗಂಟು ಹಾಕುತ್ತಾರೆ. ದಪ್ಪ 2–3 ಮಿಲಿಮೀಟರ್, ಉದ್ದ ಹೆಚ್ಚುಕಡಿಮೆ ಒಂದು ಮೊಳ. ವೃಷಣಚೀಲದ ಮೇಲ್ಭಾಗದಲ್ಲಿ ಬೆರಳುಗಳ ನಡುವೆ ಹೊರಳಿಸಿದರೆ ಗೋಣಿಚೀಲ ಹೊಲಿಯುವ ಹುರಿಯ ಹಾಗೆ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿಂದ ತೊಡೆಸಂದಿನ ಕಾಲುವೆ ಹೊಕ್ಕು ಹೊಟ್ಟೆಯೊಳಗೆ ಹೋಗಿ, ಕಿಡ್ನಿಯಿಂದ ಇಳಿದು ಬರುವ ಮೂತ್ರವಾಹಿನಿಯನ್ನು ಮೇಲಿನಿಂದ ದಾಟಿ, ಮೂತ್ರಕೋಶದ ಹಿಂಬದಿಗೆ ಬರುತ್ತದೆ. ಅಲ್ಲಿ ಸ್ವಲ್ಪ ಅಗಲವಾಗಿ, ವೀರ್ಯಕೋಶದ (ವೀರ್ಯದ ದ್ರವ ತಯಾರಿಸುವ ಗ್ರಂಥಿಯ) ನಾಳದ ಜೊತೆ ಕೂಡಿ, ಪ್ರಾಸ್ಟೇಟ್ ಗ್ರಂಥಿಯನ್ನು ತೂರಿ ಮೂತ್ರನಾಳಕ್ಕೆ ತೆರೆದುಕೊಳ್ಳುತ್ತದೆ. ನಿಮಿರುವಿಕೆಗೆ ಬೇಕಾದ ನರಗಳಿರುವುದು ಪ್ರಾಸ್ಟೇಟಿನ ಎರಡು ಪಕ್ಕ, ಕಟಿಕುಹರದ (ಸೊಂಟದ ಮೂಳೆಗಳ ನಡುವಿನ ಪೊಳ್ಳಿನ) ಆಳದಲ್ಲಿ. ವ್ಯಾಸೆಕ್ಟಮಿ ಮಾಡುವವರ ಕೈ ಆ ಕಡೆ ಸುಳಿಯುವುದೇ ಇಲ್ಲ.

ಇನ್ನು ವೀರ್ಯವೇ ಬರುವುದಿಲ್ಲ ಎಂಬ ಅಂಜಿಕೆ. ಹೊರಬರುವ ದ್ರವದಲ್ಲಿ ಮೂರನೇ ಎರಡು ಭಾಗ ವೀರ್ಯಕೋಶದ್ದು, ಕಾಲು ಭಾಗದಷ್ಟು ಪ್ರಾಸ್ಟೇಟಿನದು. ಇವೆರಡೂ ಗಂಟು ಹಾಕಿದ ಜಾಗದಿಂದ ಮುಂದೆ ಇವೆ. ವೃಷಣದ ಕಡೆಯಿಂದ ಬರುವುದು ನೂರಕ್ಕೆ ಎರಡರಿಂದ ಐದು ಪಾಲು. ಅಷ್ಟು ಕಡಿಮೆಯಾದದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ವೃಷಣದಲ್ಲಿ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ, ದೇಹವೇ ಅವನ್ನು ಹೀರಿಕೊಳ್ಳುತ್ತದೆ. ತುಂಬಿ ಒಡೆದುಹೋಗುತ್ತದೆ ಅನ್ನುವುದು ಬರೀ ಹರಟೆಕಟ್ಟೆಯ ಮಾತು.

ಈಗ ನಡೆಯುವ ವಿಧಾನ ಚೀನಾದಲ್ಲಿ 1974ರಲ್ಲಿ ಲೀ ಶುನ್‌ಚಿಯಾಂಗ್ ಎಂಬ ಸರ್ಜನ್ ರೂಪಿಸಿದ್ದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಎಸ್‌ವಿ (ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿ) ಅನ್ನುತ್ತಾರೆ. ಬ್ಲೇಡು ಇಲ್ಲ, ಹೊಲಿಗೆಯೂ ಇಲ್ಲ. ಕೋಣೆ ಬೆಚ್ಚಗಿರಬೇಕು, ಚಳಿಗೆ ಚೀಲ ಮುದುಡಿ ವೃಷಣ ಮೇಲಕ್ಕೆ ಸೇರಿಕೊಂಡರೆ ನಾಳ ಹುಡುಕುವುದೇ ಕಷ್ಟ. ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿ, ಮೂರು ಬೆರಳಲ್ಲಿ ನಾಳವನ್ನು ಚರ್ಮದ ಕೆಳಕ್ಕೆ ತಂದು, ಉಂಗುರದ ತುದಿಯ ಇಕ್ಕಳದಿಂದ ಹಿಡಿಯುತ್ತಾರೆ. ಚೂಪಾದ ಇನ್ನೊಂದು ಇಕ್ಕಳದಿಂದ ಚುಚ್ಚಿ, ಅದರ ಬಾಯಿ ಅಗಲಿಸಿ ರಂಧ್ರ ಹಿಗ್ಗಿಸುತ್ತಾರೆ. ನಾಳದ ಕುಣಿಕೆಯನ್ನು ಹೊರಗೆಳೆದು, ಸುತ್ತಲಿನ ರಕ್ತನಾಳಗಳನ್ನು ಬಿಡಿಸಿ, ಸುಮಾರು 1 ಸೆಂ.ಮೀ. ತುಂಡು ತೆಗೆದು ಎರಡು ತುದಿಗೂ ಗಂಟು ಹಾಕುತ್ತಾರೆ. ಆಮೇಲೆ ಒಂದು ತುದಿಯ ಮೇಲೆ ತೆಳು ಪೊರೆಯನ್ನು ಎಳೆದು ಕಟ್ಟುತ್ತಾರೆ, ಎರಡು ತುದಿ ಮತ್ತೆ ಕೂಡದಿರಲಿ ಎಂದು. ಈ ಪೊರೆಯ ಕೆಲಸ ಬಿಟ್ಟರೆ ವಿಫಲವಾಗುವ ಸಂಭವ ಹೆಚ್ಚು. ನಾಳ ಎಳೆದಾಗ ಕಿಬ್ಬೊಟ್ಟೆಯಲ್ಲಿ ಜಗ್ಗಿದ ಹಾಗಾಗುವುದು ಸಹಜ. ಭ್ರೂಣದಲ್ಲಿ ವೃಷಣ ಹುಟ್ಟುವುದು ಕಿಡ್ನಿಯ ಪಕ್ಕದಲ್ಲಿ, ಇಳಿದು ಬರುವಾಗ ನರಗಳನ್ನೂ ಜೊತೆಗೇ ತಂದಿದೆ.

ಅದೇ ರಂಧ್ರದಿಂದ ಇನ್ನೊಂದು ಬದಿಯ ನಾಳವನ್ನೂ ತೆಗೆಯಬಹುದು. ಎಚ್ಚರ ತಪ್ಪುವುದೂ ಇಲ್ಲೇ. ಒಂದೇ ಬದಿಯ ನಾಳವನ್ನು ಎರಡು ಸಲ ಕಟ್ಟಿ, ಇನ್ನೊಂದನ್ನು ಹಾಗೇ ಬಿಟ್ಟ ಪ್ರಕರಣಗಳಿವೆ. ಪ್ರತಿ ನಾಳವನ್ನೂ ಮೆಲ್ಲಗೆ ಎಳೆದು, ಆ ಬದಿಯ ವೃಷಣವೇ ಅಲುಗಾಡಿತೇ ಎಂದು ನೋಡಿಕೊಂಡರೆ ಈ ಎಡವಟ್ಟು ತಪ್ಪುತ್ತದೆ.

ಹೆಂಗಸರ ಆಪರೇಷನ್‌ಗೆ ಹೊಟ್ಟೆಯನ್ನೇ ತೆರೆಯಬೇಕು. ಇದು ಚರ್ಮದ ಕೆಳಗಿನ ಇಪ್ಪತ್ತು ನಿಮಿಷದ ಕೆಲಸ. ಎರಡು ದಿನ ವಿಶ್ರಾಂತಿ, ಬಿಗಿ ಲಂಗೋಟಿ, ಒಂದು ವಾರ ಸೈಕಲ್ಲೂ ಮೂಟೆ ಹೊರುವುದೂ ಬೇಡ. ಚೀಲ ಕಪ್ಪಾಗಿ ಊದಿಕೊಳ್ಳುತ್ತಲೇ ಇದ್ದರೆ ಒಳಗೆ ರಕ್ತ ಕಟ್ಟುತ್ತಿದೆ ಎಂದರ್ಥ. ಜ್ವರ, ಕೀವು ಬಂದರೆ ಸೋಂಕು. ಎರಡಕ್ಕೂ ಆಸ್ಪತ್ರೆಗೆ ವಾಪಸ್ ಹೋಗಲೇಬೇಕು. ಕೆಲವರಿಗೆ, ನೂರರಲ್ಲಿ ಒಬ್ಬಿಬ್ಬರಿಗೆ, ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಇದನ್ನು ಮುಚ್ಚಿಟ್ಟು ಒಪ್ಪಿಸುವುದು ಮೋಸ. ಮತ್ತೆ ಜೋಡಿಸಬಹುದಲ್ಲ ಎಂಬ ಧೈರ್ಯದ ಮೇಲೂ ಯಾರೂ ಮಾಡಿಸಿಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಮನೆಗೆ ಬಂದ ಮೇಲೆ. ಟ್ಯಾಂಕಿನ ವಾಲ್ವ್ ತಿರುಗಿಸಿದ ಮೇಲೂ ಪೈಪಿನಲ್ಲಿದ್ದ ನೀರು ನಲ್ಲಿಯಲ್ಲಿ ಬರುತ್ತದಲ್ಲ, ಹಾಗೆ ಗಂಟಿನಿಂದ ಮುಂದಿನ ನಾಳದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ಅವು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬಿಡುವಂತಿಲ್ಲ. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಬಹಳ ಗಂಡಸರು ಈ ಪರೀಕ್ಷೆಗೆ ನಾಚಿಕೊಂಡು ಹೋಗುವುದೇ ಇಲ್ಲ. ಈ ನಡುವೆ ಹೆಂಡತಿ ಬಸಿರಾದರೆ ಅನುಮಾನ ಬೀಳುವುದು ಅವಳ ನಡತೆಯ ಮೇಲೆ, ಇವನು ತಪ್ಪಿಸಿಕೊಂಡ ಪರೀಕ್ಷೆಯ ಮೇಲಲ್ಲ.

ಮಾದರಿಯನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಪೂರ್ತಿಯಾಗಿ ಹಿಡಿದು, ಮನೆಯಿಂದ ಒಯ್ಯುವುದಾದರೆ ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಕಾಂಡೋಮಿನಲ್ಲಿ ಹಿಡಿದು ತಂದದ್ದು ಬರುವುದಿಲ್ಲ. ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ ಎಂದಿದ್ದರೆ ಕಾಂಡೋಮ್ ಬಿಡಬಹುದು. ಇನ್ನೂ ಕಂಡರೆ ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಆರು ತಿಂಗಳಾದ ಮೇಲೂ ಚಲಿಸುವ ವೀರ್ಯಾಣು ಸಿಕ್ಕರೆ ಆಪರೇಷನ್ ಮತ್ತೊಮ್ಮೆ ಆಗಬೇಕು.